ರೈಲು ತಪ್ಪಿದರೂ ಧೈರ್ಯ ತಪ್ಪದಿರಲಿ

ಚನ್ನಪಟ್ಟಣ, ರಾಮನಗರದಿಂದ ದಿನಾ ಬೆಂಗಳೂರಿಗೆ ಕೆಲಸಕ್ಕೆ ಓಡಾಡುವ ಹೆಣ್ಣುಮಕ್ಕಳಿಗೆ ರೈಲು ಹಿಡಿಯೋದೇ ಒಂದು ಸಾಹಸ. ಸಂಜೆ ಆಫೀಸಿನಲ್ಲಿ ತಡವಾಗಿ ರೈಲು ತಪ್ಪಿತೋ, ಮನೆಯಲ್ಲಿ ಅಮ್ಮನಿಗೆ ತಳಮಳ. ‘ಕೆಲಸ ಬಿಟ್ಟುಬಿಡು’ ಅನ್ನೋ ಮಾತು ಹುಟ್ಟೋದೇ ಆಗ. ಅದರ ಬದಲು ಹೀಗೆ ಮಾಡಿ:

* ರೈಲಿನ ಜೊತೆಗೆ ಬಸ್ಸಿನ ವೇಳೆಯನ್ನೂ ಬರೆದಿಟ್ಟುಕೊಳ್ಳಿ. ಕನಕಪುರ, ಮಾಗಡಿಯವರಿಗಂತೂ ಬಸ್ಸೇ ಗತಿ.

* 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಮಹಿಳೆಯರಿಗೆ ಉಚಿತ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಪರ್ಸಿನಲ್ಲಿರಲಿ.

* ರೈಲಿನಲ್ಲಿ ತೊಂದರೆಯಾದರೆ 139, ಎಲ್ಲೇ ಇದ್ದರೂ ತುರ್ತಿಗೆ 112.

ಮಗಳು ಬಂದ ಕೂಡಲೇ ‘ಯಾಕಿಷ್ಟು ಹೊತ್ತು?’ ಅಂತ ರೇಗಬೇಡಿ. ಬೈಗುಳಕ್ಕೆ ಹೆದರಿದರೆ ಮುಂದಿನ ಸಲ ತಡವಾದಾಗ ಫೋನೇ ಮಾಡಲ್ಲ. ‘ಕೈಕಾಲು ತೊಳ್ಕೊಂಡು ಬಾ, ಸಾರು ಬಿಸಿಯಾಗಿದೆ’ ಅನ್ನಿ. ಉಳಿದದ್ದು ಅವಳೇ ಹೇಳ್ತಾಳೆ.