ಎಣಿಕೆಗೆ ಸಿಕ್ಕದ ಹಾಡು

ನಾಡಿನಲ್ಲಿ ಯಾವ ಹಾಡು ಎಲ್ಲಕ್ಕಿಂತ ಜನಪ್ರಿಯವೆಂದು ನಿರ್ಣಯಿಸುವವರು ಯಾರು? ವ್ಯಾಪಾರಿಗಳ ಲೋಕ ಇದಕ್ಕೆ ಬಹುಕಾಲದ ಹಿಂದೆಯೇ ಸುಲಭವಾದ ಉತ್ತರವೊಂದನ್ನು ಕಂಡುಕೊಂಡಿತು: ಅಂಗಡಿಯವನ ಲೆಕ್ಕದ ಪುಸ್ತಕ. ಅಮೆರಿಕದ ‘ಬಿಲ್‌ಬೋರ್ಡ್’ ಪತ್ರಿಕೆ 1940ರ ಜುಲೈ ತಿಂಗಳಲ್ಲಿ ಅಂಗಡಿಗಳ ಮಾರಾಟವನ್ನು ಆಧರಿಸಿದ ಧ್ವನಿಮುದ್ರಿಕೆಗಳ ಪಟ್ಟಿಯನ್ನು ಪ್ರಕಟಿಸತೊಡಗಿತು. ಇಂಗ್ಲೆಂಡಿನಲ್ಲಿ ಅಂಥ ಪಟ್ಟಿ ಮೊದಲು ಹೊರಬಿದ್ದದ್ದು 1952ರ ನವೆಂಬರ್ 14ರಂದು. ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಪತ್ರಿಕೆಯ ಪರ್ಸಿ ಡಿಕಿನ್ಸ್ ಎಂಬವರು ಇಪ್ಪತ್ತರಷ್ಟು ಅಂಗಡಿಗಳಿಗೆ ದೂರವಾಣಿ ಮಾಡಿ, ಯಾವ ತಟ್ಟೆ ಎಷ್ಟು ಹೋಯಿತೆಂದು ಕೇಳಿ, ಕೂಡಿಸಿ ಕಳೆದು ಹನ್ನೆರಡು ಸ್ಥಾನಗಳ ಪಟ್ಟಿಯನ್ನು ಸಿದ್ಧಪಡಿಸಿದರು. ಸಮಸಮ ಮಾರಾಟವಾದವು ಸೇರಿ ಅದರಲ್ಲಿ ಹದಿನೈದು ಹಾಡುಗಳಿದ್ದವು. ಇಪ್ಪತ್ತು ಅಂಗಡಿಯವರ ಬಾಯಿಮಾತು ಒಂದು ದೇಶದ ಅಭಿರುಚಿಯಾಗಿ ಅಚ್ಚಾಯಿತು!

ಆಶ್ಚರ್ಯದ ಸಂಗತಿಯೆಂದರೆ, ಇದಾದ ಹತ್ತೊಂಬತ್ತನೆಯ ದಿನವೇ, 1952ರ ಡಿಸೆಂಬರ್ 3ರ ಬುಧವಾರ, ರೇಡಿಯೋ ಸಿಲೋನಿನಿಂದ ‘ಬಿನಾಕಾ ಗೀತಮಾಲಾ’ ಮೊದಲ ಬಾರಿಗೆ ಕೇಳಿಬಂದಿತು. ಹಲ್ಲುಜ್ಜುವ ಪೇಸ್ಟನ್ನು ಮಾರುವುದಕ್ಕಾಗಿ ಹುಟ್ಟಿದ ಕಾರ್ಯಕ್ರಮವದು. ಆಗ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ ಬಿ. ವಿ. ಕೇಸ್ಕರರ ಕಟ್ಟುನಿಟ್ಟಿನಿಂದ ಆಕಾಶವಾಣಿಯಲ್ಲಿ ಚಲನಚಿತ್ರಗೀತೆಗಳು ಹೆಚ್ಚುಕಡಿಮೆ ನಿಂತೇ ಹೋಗಿದ್ದವು. ಹೀಗಾಗಿ ದೇಶದ ಕಿವಿಯೆಲ್ಲ ಕೊಲಂಬೊ ಕಡೆಗೆ ತಿರುಗಿತು. ಮೊದಮೊದಲು ಏಳು ಹಾಡುಗಳನ್ನು ಹಾಕಿ, ಕ್ರಮಾಂಕವನ್ನು ಕೇಳುಗರೇ ಊಹಿಸಿ ಬರೆಯಲೆಂದು ಬಿಡಲಾಗುತ್ತಿತ್ತು. 1954ರ ಹೊತ್ತಿಗೆ ಅಮೀನ್ ಸಯಾನಿಯವರ ಕಂಠವೇ ಹಾಡುಗಳನ್ನು ಮೆಟ್ಟಿಲು ಹತ್ತಿಸುವ, ಇಳಿಸುವ ಕಾರ್ಯವನ್ನು ಕೈಗೊಂಡಿತು. ನಗರಗಳ ಧ್ವನಿಮುದ್ರಿಕೆ ವ್ಯಾಪಾರಿಗಳಿಂದ ಬರುತ್ತಿದ್ದ ಮಾರಾಟದ ವರದಿ ಅದಕ್ಕೆ ಮುಖ್ಯ ಆಧಾರ.

ಈಗ ಕಲಬುರಗಿ ಜಿಲ್ಲೆಯ ಕೆಲವು ಊರುಗಳತ್ತ ದೃಷ್ಟಿ ಹರಿಸೋಣ. ವಾಡಿ ಜಂಕ್ಷನ್ನಿನಲ್ಲಿ ಮುಂಬಯಿ–ಮದರಾಸು ಹಳಿಯಿಂದ ಹೈದರಾಬಾದಿನ ಹಳಿ ಕವಲೊಡೆಯುತ್ತದೆ. ಆ ಕವಲಿನ ಮೇಲೆ ಚಿತ್ತಾಪುರ, ರಾಷ್ಟ್ರಕೂಟರ ಮಳಖೇಡ, ಸೇಡಂ. ಹಿಂದಕ್ಕೆ ಕಲಬುರಗಿಯ ಕಡೆಗೆ ಹೊರಟರೆ ಹಾಸುಗಲ್ಲಿಗೆ ಹೆಸರಾದ ಶಹಾಬಾದ. ಚಿಂಚೋಳಿಗೆ ಮಾತ್ರ ರೈಲಿಲ್ಲ. 1956ರ ನವೆಂಬರ್ 1ರವರೆಗೆ ಇವೆಲ್ಲ ಹೈದರಾಬಾದು ರಾಜ್ಯಕ್ಕೆ ಸೇರಿದ್ದವು. ಇಲ್ಲಿನ ಸಂತೆಯಲ್ಲಿ ಕನ್ನಡ, ಉರ್ದು, ತೆಲುಗು ಒಂದೇ ಉಸಿರಿನಲ್ಲಿ ಓಡಾಡುತ್ತವೆ. ಹಿಂದಿ ಹಾಡಿನ ಅರ್ಥವನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾದ ಪ್ರಮೇಯವಿರಲಿಲ್ಲ. ಆ ದಿನಗಳ ತಟ್ಟೆಯಾದರೋ ಅರಗಿನದು, ನಿಮಿಷಕ್ಕೆ 78 ಸುತ್ತು, ಒಂದು ಮಗ್ಗುಲಿಗೆ ಮೂರು ನಿಮಿಷದ ಹಾಡು, ಕೈತಪ್ಪಿದರೆ ಚೂರು. ಗ್ರಾಮಫೋನು ಉಳ್ಳವರ ಮನೆಯ ಅಲಂಕಾರ. ಉಳಿದವರಿಗೆ ಹೋಟೆಲಿನ ರೇಡಿಯೋ, ಮದುವೆಯ ಮನೆಯ ಧ್ವನಿವರ್ಧಕ. ಒಂದು ತಟ್ಟೆಯನ್ನು ನೂರು ಮಂದಿ ಕೇಳಿದರೂ ಅಂಗಡಿಯ ಪುಸ್ತಕದಲ್ಲಿ ಅದು ಒಂದೇ ಗೆರೆ. ಆ ಗೆರೆಯೂ ತಟ್ಟೆ ಮಾರಾಟವಾದ ನಗರದ ಅಂಗಡಿಯ ಹೆಸರಿಗೇ ಜಮೆ.

ಅಂಗಡಿಯ ಲೆಕ್ಕಕ್ಕೆ ಬೇರೆ ಊನವೂ ಇತ್ತು. ಎಲ್ಲರಿಗೂ ಬೇಕಾದ ತಟ್ಟೆ ಬೇಗನೆ ಮುಗಿಯುತ್ತದೆ; ದಾಸ್ತಾನು ಮುಗಿದ ವಾರ ಮಾರಾಟ ಶೂನ್ಯ; ಬೇಡಿಕೆ ಏರಿದ್ದಕ್ಕಾಗಿಯೇ ಹಾಡು ಪಟ್ಟಿಯಲ್ಲಿ ಕೆಳಗಿಳಿಯಬೇಕು! ಗೀತಮಾಲೆಯು ಅಂಗಡಿಗಳ ಜೊತೆಗೆ ಶ್ರೋತೃಸಂಘಗಳ ಮತವನ್ನೂ ಎಣಿಸತೊಡಗಿತು. ಸಣ್ಣ ಊರುಗಳಿಗೆ ಬಾಗಿಲು ತೆರೆದದ್ದು ಇಲ್ಲಿ. ಅಭ್ರಕದ ಗಣಿಗಳಿಂದ ಬದುಕಿದ, ಇಂದಿನ ಜಾರ್ಖಂಡಿನ ಝುಮ್ರಿತಲೈಯಾ ಎಂಬ ಪುಟ್ಟ ಪಟ್ಟಣ ಕೇವಲ ಕೋರಿಕೆಯ ಕಾಗದಗಳ ಬಲದಿಂದ ದೇಶಕ್ಕೆಲ್ಲ ಪರಿಚಿತವಾಯಿತು. ಅಂಥದೊಂದು ಊರೇ ಇಲ್ಲವೆಂದು ನಂಬಿದವರೂ ಉಂಟು. ಕಲ್ಲುಗಣಿಯ ಶಹಾಬಾದಿಗೂ, 1968ರಲ್ಲಿ ಸಿಮೆಂಟು ಕಾರ್ಖಾನೆ ಬಂದ ವಾಡಿಗೂ ಆ ಊರಿನ ಜಾಡು ಅಪರಿಚಿತವೇನಲ್ಲ: ದುಡಿಮೆ, ಧೂಳು, ಸಂಜೆಗೊಂದು ರೇಡಿಯೋ. ತಟ್ಟೆಗೆ ರೂಪಾಯಿಗಳು ಬೇಕು. ಕಾರ್ಡಿಗೆ ಕಾಸು ಸಾಕು.

ಆದರೆ ಕಾರ್ಡು ಹಾಕಿದರೂ ಅದು ಹಿಂದಿ ಚಿತ್ರಗೀತೆಗೇ ಹಾಕಬೇಕು. ಮಾಲೆಯ ದಾರಕ್ಕೆ ಕನ್ನಡದ ಹೂವು ಏರುವಂತಿರಲಿಲ್ಲ. ಮನೆಯಲ್ಲಿ ಬೀಸುವ ಪದ, ಮಠದಲ್ಲಿ ತತ್ವಪದ, ಅಲಾಯಿಯ ಮುಂದೆ ಹಿಂದೂ ಮುಸಲ್ಮಾನರಿಬ್ಬರೂ ಹೆಜ್ಜೆ ಹಾಕಿ ಹಾಡುವ ಮೊಹರಂ ಪದ — ಇವೇ ಈ ಸೀಮೆಯ ನಿಜವಾದ ಸಂಗೀತ. ಇವುಗಳಿಗೆ ಬೆಲೆಚೀಟಿಯಿಲ್ಲ, ಆದ್ದರಿಂದ ಕ್ರಮಾಂಕವೂ ಇಲ್ಲ. 1966ರಲ್ಲಿ ಕಲಬುರಗಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಈ ಭಾಗದ ಜನ ತಮ್ಮ ನುಡಿಯ ಧಾಟಿಯನ್ನು ರೇಡಿಯೋದಲ್ಲಿ ಹತ್ತಿರದಿಂದ ಕೇಳುವಂತಾಯಿತು.

ಎಂಬತ್ತರ ದಶಕದಲ್ಲಿ ಕ್ಯಾಸೆಟ್ಟು ಬಂದು ಧ್ವನಿಮುದ್ರಿಕೆಯ ಮರ್ಯಾದಸ್ಥ ಅಂಗಡಿಯ ಗೋಡೆಯನ್ನೇ ಕೆಡವಿತು. ಟಿ-ಸೀರೀಸ್ ಸಂಸ್ಥೆಯ ಅಗ್ಗದ ಕ್ಯಾಸೆಟ್ಟುಗಳು ಕಿರಾಣಿ ಅಂಗಡಿ, ಪಾನಪಟ್ಟಿ ಅಂಗಡಿಗಳಿಗೂ ನುಗ್ಗಿದವು. ಎಲೆ ಅಡಿಕೆಯ ಜೊತೆಗೆ ಹೋದ ಹಾಡಿಗೆ ಯಾವ ಅಂಗಡಿಯವನು ವರದಿ ಬರೆದಾನು? ಅದೇ ದಶಕದ ಕೊನೆಗೆ, 1989ರಲ್ಲಿ, ಗೀತಮಾಲೆಯೂ ಸಿಲೋನನ್ನು ಬಿಟ್ಟು ವಿವಿಧಭಾರತಿಗೆ ಬಂದಿತು.

ಬಳಿಕ ಮಹಾನಗರಗಳಲ್ಲಿ ಸರಣಿ ಮಳಿಗೆಗಳು ತಲೆಯೆತ್ತಿದವು. ಆರ್‌ಪಿಜಿ ಸಮೂಹದ ‘ಮ್ಯೂಸಿಕ್ ವರ್ಲ್ಡ್’, ಟೈಮ್ಸ್ ಸಮೂಹದ ‘ಪ್ಲಾನೆಟ್ ಎಂ’ — ತಂಪುಗಾಳಿಯಲ್ಲಿ ನಿಂತು, ಕಿವಿಗೆ ಹೆಡ್‌ಫೋನು ತೊಟ್ಟು, ಕೇಳಿ ನೋಡಿ ಕೊಳ್ಳುವ ವೈಭವ. ಯಾವ ಆಲ್ಬಮ್ಮು ಎಷ್ಟನೆಯ ಸ್ಥಾನದಲ್ಲಿದೆಯೆಂದು ಸಾರುವ ಪಟ್ಟಿಯ ವೈಭವ ಬೇರೆ. ಸೇಡಂ, ಚಿಂಚೋಳಿಗಳ ದಾರಿ ಆ ಮಳಿಗೆಗಳಿಗೆ ತಿಳಿಯಲಿಲ್ಲ. ತಿಳಿಯುವ ಮೊದಲೇ ಅವುಗಳ ಆಯುಷ್ಯ ತೀರಿತು. ಹಾಡು ಮೊಬೈಲಿಗಿಳಿದಾಗ ಗಿರಾಕಿಯ ಕಾಲು ಅಂಗಡಿಯಿಂದ ಹಿಂದೆಗೆಯಿತು. ಕೋಲ್ಕತ್ತದ ಪಾರ್ಕ್ ಸ್ಟ್ರೀಟಿನಲ್ಲಿದ್ದ ಹೆಸರಾಂತ ಮ್ಯೂಸಿಕ್ ವರ್ಲ್ಡ್ 2013ರಲ್ಲಿ ಬಾಗಿಲು ಮುಚ್ಚಿತು.

ಎಣಿಸುವ ರೀತಿ ಬದಲಾದರೆ ರುಚಿಯೇ ಬದಲಾದಂತೆ ಕಾಣುವುದೆಂಬುದಕ್ಕೆ ಅಮೆರಿಕದಲ್ಲಿಯೇ ಸಾಕ್ಷ್ಯವುಂಟು. 1991ರ ಮೇ ತಿಂಗಳವರೆಗೂ ಬಿಲ್‌ಬೋರ್ಡ್ ತನ್ನ ಆಲ್ಬಮ್ ಪಟ್ಟಿಗೆ ಅಂಗಡಿಯವರ ಮಾತನ್ನೇ ನಂಬಿತ್ತು. ಆ ತಿಂಗಳು ಬಾರ್‌ಕೋಡಿನ ಯಂತ್ರದ ಲೆಕ್ಕವನ್ನು ತಂದದ್ದೇ ತಡ, ಅಂಗಡಿಯವರು ಲಕ್ಷ್ಯಕ್ಕೆ ತಾರದಿದ್ದ ಹಳ್ಳಿಗಾಡಿನ ಕಂಟ್ರಿ ಹಾಡುಗಳೂ ಕರಿಯರ ಬಡಾವಣೆಗಳ ರ‍್ಯಾಪ್ ಹಾಡುಗಳೂ ಧಿಗ್ಗನೆ ಮೇಲೆದ್ದವು. ಜನ ಅವನ್ನು ಹಿಂದಿನಿಂದಲೂ ಕೊಳ್ಳುತ್ತಲೇ ಇದ್ದರು.

ಅಮೀನ್ ಸಯಾನಿಯವರು 2024ರ ಫೆಬ್ರವರಿ 20ರಂದು ತೀರಿಕೊಂಡರು. ಇಂದು ಪಟ್ಟಿಯನ್ನು ಸಿದ್ಧಪಡಿಸುವುದು ಗಣಕಯಂತ್ರ. ಚಿತ್ತಾಪುರದಲ್ಲಿ ಒತ್ತಿದ ಬೆರಳಿಗೂ ಮುಂಬಯಿಯಲ್ಲಿ ಒತ್ತಿದ ಬೆರಳಿಗೂ ಅದರಲ್ಲಿ ಭೇದವಿಲ್ಲ. ಅಲಾಯಿಯ ಮುಂದೆ ಮೊಹರಂ ಪದ ಹಾಡುವ ಮೇಳದ ಸುತ್ತ ಮೊಬೈಲು ಹಿಡಿದ ಹುಡುಗರು ಈಗ ನಿಲ್ಲುತ್ತಾರೆ. ಹಾಗೆ ಮುದ್ರಿಸಿಕೊಂಡ ಪದ ಅಂದೇ ರಾತ್ರಿ ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೋದವರ ಕೈ ಸೇರುತ್ತದೆ. ಫೋನಿನಿಂದ ಫೋನಿಗೆ ಸಾಗುವ ಆ ಹಾಡು ಯಾವ ಪಟ್ಟಿಯನ್ನೂ ಹಾದು ಹೋಗುವುದಿಲ್ಲ.