ಕೊಲೆಗಾರ ಯಾರೆಂದು ಹೇಳಿ: ಕ್ಯೋಟೊ ವಿದ್ಯಾರ್ಥಿಗಳ ಕಥಾಕೂಟ

ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ 1974ರಲ್ಲಿ ಪತ್ತೇದಾರಿ ಸಾಹಿತ್ಯದ ವಿದ್ಯಾರ್ಥಿ ಸಂಘವೊಂದು ಹುಟ್ಟಿಕೊಂಡಿತು. ಅಲ್ಲಿ ಪಠ್ಯಕ್ರಮವಿಲ್ಲ, ಅಂಕಗಳಿಲ್ಲ, ಕಥೆ ಬರೆಯುವುದು ಹೇಗೆಂದು ಪಾಠ ಹೇಳುವ ಪ್ರಾಧ್ಯಾಪಕರೂ ಇಲ್ಲ. ತರಗತಿ ಮುಗಿದ ಮೇಲೆ ಒಂದೆಡೆ ಸೇರುವ ಓದುಗ ಹುಡುಗ ಹುಡುಗಿಯರ ಗುಂಪು, ಅಷ್ಟೇ. ಆದರೆ ಅದು ಆರಂಭವಾಗಿ ಎರಡು ದಶಕ ತುಂಬುವುದರೊಳಗೆ ಯುಕಿತೊ ಅಯಾತ್ಸುಜಿ, ಫುಯುಮಿ ಓನೊ, ರಿಂತಾರೊ ನೊರಿಜುಕಿ, ತಾಕೆಮಾರು ಅಬಿಕೊ, ಯುತಾಕಾ ಮಾಯಾ ಎಂಬ ಐವರು ಲೇಖಕರು ಆ ಗುಂಪಿನಿಂದ ಹೊರಬಂದು ಜಪಾನಿನ ಪತ್ತೇದಾರಿ ಮತ್ತು ಭಯಾನಕ ಸಾಹಿತ್ಯದ ದಿಕ್ಕನ್ನೇ ಬದಲಿಸಿದರು.

ಇಷ್ಟು ಮಂದಿ ಒಂದೇ ಸಂಘದಿಂದ ಬಂದದ್ದು ಕೇವಲ ಕಾಕತಾಳೀಯವೆನ್ನುವುದು ಕಷ್ಟ. ಅದರ ಹಿಂದೆ ಅಲ್ಲಿ ರೂಢಿಯಲ್ಲಿದ್ದ ಒಂದು ಆಟವಿದೆ.

ಅರ್ಧಕ್ಕೆ ನಿಲ್ಲುವ ಕಥೆ

ಆ ಆಟಕ್ಕೆ ಜಪಾನಿ ಭಾಷೆಯಲ್ಲಿ 'ಹನ್ನಿನ್-ಆತೆ' ಎಂದು ಹೆಸರು. ಅಪರಾಧಿಯನ್ನು ಊಹಿಸುವುದು ಎಂದು ಅರ್ಥ. ಸದಸ್ಯರಲ್ಲೊಬ್ಬರು ಕೊಲೆಯ ಕಥೆಯೊಂದನ್ನು ಬರೆದು ತರುತ್ತಾರೆ. ಕಥೆಯ ಮೊದಲ ಭಾಗವನ್ನು, ಅಂದರೆ ಕೊಲೆ ನಡೆದು ಸುಳಿವುಗಳೆಲ್ಲ ಬಹಿರಂಗವಾಗುವವರೆಗಿನ ಭಾಗವನ್ನು, ಉಳಿದವರ ಮುಂದಿಡುತ್ತಾರೆ. ಅಲ್ಲಿಗೆ ಕಥೆ ನಿಲ್ಲುತ್ತದೆ. ನಿಗದಿತ ಅವಧಿಯೊಳಗೆ ಉಳಿದವರು ಕೊಲೆಗಾರ ಯಾರೆಂದು ಹೇಳಬೇಕು. ಹೆಸರು ಹೇಳಿದರಷ್ಟೇ ಸಾಲದು, ಆ ತೀರ್ಮಾನಕ್ಕೆ ಬಂದ ದಾರಿಯನ್ನೂ ವಿವರಿಸಬೇಕು. ಎಲ್ಲರ ಉತ್ತರಗಳು ಬಂದ ನಂತರವೇ ಲೇಖಕರು ಕೊನೆಯ ಭಾಗವನ್ನು ಬಿಚ್ಚಿಡುತ್ತಾರೆ.

ಕಥೆಯನ್ನು ನಿಲ್ಲಿಸಿ ಓದುಗನಿಗೆ ಸವಾಲು ಹಾಕುವ ಈ ಪದ್ಧತಿ ಜಪಾನಿನದೇ ಆವಿಷ್ಕಾರವಲ್ಲ. ಎಲರಿ ಕ್ವೀನ್ ಎಂಬ ಹೆಸರಿನಲ್ಲಿ ಜಂಟಿಯಾಗಿ ಬರೆಯುತ್ತಿದ್ದ ಅಮೆರಿಕದ ಇಬ್ಬರು ಸೋದರ ಸಂಬಂಧಿಗಳು 1929ರ ತಮ್ಮ ಮೊದಲ ಕಾದಂಬರಿಯಲ್ಲಿಯೇ ಇದನ್ನು ಬಳಸಿದ್ದರು. ಪುಸ್ತಕದಲ್ಲಿ ಅದೊಂದು ಅಲಂಕಾರ; ಪುಟ ತಿರುವಿದರೆ ಉತ್ತರ ಸಿಗುತ್ತದೆ. ವಿದ್ಯಾರ್ಥಿಗಳ ಕೂಟದಲ್ಲಾದರೋ ಕಥೆಗಾರ ಓದುಗರ ಎದುರಿನಲ್ಲಿಯೇ ಕುಳಿತಿರಬೇಕು.

ಇದರ ಪರಿಣಾಮ ಎಂಥದೆಂಬುದನ್ನು ಒಂದು ಸರಳ ಉದಾಹರಣೆಯಿಂದ ತಿಳಿಯಬಹುದು. ಮಳೆ ನಿಂತ ಮೇಲೆ ಅಂಗಳದ ಕೆಸರಿನಲ್ಲಿ ಒಂದೇ ಸಾಲು ಹೆಜ್ಜೆ ಗುರುತು ಇತ್ತು ಎಂದು ಕಥೆಗಾರ ಬರೆದನೆನ್ನಿ. ಮಳೆ ನಿಂತದ್ದು ಎಷ್ಟು ಗಂಟೆಗೆ, ಅದನ್ನು ಕಂಡವರು ಯಾರು, ಆ ಮಾತನ್ನು ನಂಬಬಹುದೇ, ಗುರುತು ಮನೆಯ ಕಡೆಗಿತ್ತೇ ಹೊರಗಡೆಗಿತ್ತೇ ಎಂಬ ಪ್ರಶ್ನೆಗಳಿಗೆ ಉತ್ತರ ಮೊದಲ ಭಾಗದಲ್ಲಿಯೇ ಎಲ್ಲಾದರೂ ಇರಬೇಕು. ಇಲ್ಲದಿದ್ದರೆ ಅದು ಮೋಸ. ಪಾತ್ರಗಳು ಸುಳ್ಳು ಹೇಳಬಹುದು, ಆದರೆ ಕಥೆಯ ನಿರೂಪಣೆ ಸುಳ್ಳು ಹೇಳುವಂತಿಲ್ಲ. ಓದುಗನನ್ನು ದಾರಿ ತಪ್ಪಿಸಲು ಅಡ್ಡಿಯಿಲ್ಲ, ತಪ್ಪಿಸುವಾಗ ಬರೆದ ಪ್ರತಿ ವಾಕ್ಯವೂ ನಿಜವಾಗಿಯೇ ಇರಬೇಕು.

ಹೀಗಾಗಿ ಸೋಲು ಎರಡು ಬಗೆಯಲ್ಲಿ ಬರುತ್ತದೆ. ಎಲ್ಲರೂ ಸರಿಯುತ್ತರ ಹೇಳಿಬಿಟ್ಟರೆ ಕಥೆ ಸಪ್ಪೆ. ಯಾರೂ ಹೇಳಲಾಗದೆ, ಉತ್ತರ ಕೇಳಿದ ಮೇಲೆ ಇದು ಅನ್ಯಾಯವೆಂದು ಎಲ್ಲರೂ ಗೊಣಗಿದರೆ ಕಥೆ ಇನ್ನೂ ಕೆಟ್ಟದ್ದು. ಇವೆರಡರ ನಡುವಿನ ಕಿರಿದಾದ ದಾರಿಯಲ್ಲಿ ನಡೆಯುವುದನ್ನು ಇಪ್ಪತ್ತರ ಹರೆಯದಲ್ಲಿ, ತಮ್ಮಷ್ಟೇ ಓದಿಕೊಂಡ ಗೆಳೆಯರ ಮುಂದೆ ಕಲಿಯಬೇಕಿತ್ತು. ಸಂಪಾದಕರ ವಿಷಾದ ಪತ್ರಕ್ಕಿಂತ ಕಠಿಣವಾದ ಪರೀಕ್ಷೆ ಇದು.

ಸಂಘದ ನಿಯತಕಾಲಿಕವೂ ಇದೆ. ಹೆಸರು 'ಸೋಅಜೊ', ಕಡುನೀಲಿ ಕಾಗೆಯ ಕೋಟೆ ಎಂಬರ್ಥದ್ದು. ಯುತಾಕಾ ಮಾಯಾ 1991ರಲ್ಲಿ ತಮ್ಮ ಮೊದಲ ಕಾದಂಬರಿ ಪ್ರಕಟಿಸಿದಾಗ ಕೊಲೆಗಳು ನಡೆಯುವ ಬಂಗಲೆಗೆ ಇದೇ ಹೆಸರಿಟ್ಟರು.

1987ರ ದ್ವೀಪ

ಈ ವಿದ್ಯಾರ್ಥಿಗಳು ಬರೆಯತೊಡಗಿದ ಕಾಲ ಅವರಿಗೆ ಅನುಕೂಲವಾಗಿರಲಿಲ್ಲ. ಎಡ್ಗರ್ ಅಲನ್ ಪೋ ಹೆಸರನ್ನೇ ಜಪಾನೀಕರಿಸಿಕೊಂಡು ಬರೆದ ಎಡೊಗಾವಾ ರಂಪೊ 1923ರಲ್ಲಿ ಆರಂಭಿಸಿದ ಒಗಟಿನ ಕಥಾ ಪರಂಪರೆ ಐವತ್ತರ ದಶಕದ ಕೊನೆಗೆ ಹಿನ್ನೆಲೆಗೆ ಸರಿದಿತ್ತು. ಸೇಯ್ಚೊ ಮತ್ಸುಮೊಟೊ ಅವರ 'ಬಿಂದುಗಳು ಮತ್ತು ರೇಖೆಗಳು' 1958ರಲ್ಲಿ ಪುಸ್ತಕವಾಗಿ ಬಂದ ಮೇಲೆ ಭ್ರಷ್ಟ ಅಧಿಕಾರಿಗಳು, ದಣಿದ ಪೊಲೀಸರು, ರೈಲು ವೇಳಾಪಟ್ಟಿಗಳ ವಾಸ್ತವವಾದಿ ಕಾದಂಬರಿಯೇ ಮುಂಚೂಣಿಗೆ ಬಂದಿತು. ಮುಚ್ಚಿದ ಕೋಣೆ, ವಿಚಿತ್ರ ಬಂಗಲೆ, ಜಾಣ ಪತ್ತೇದಾರ ಎಲ್ಲವೂ ಮಕ್ಕಳಾಟವೆನಿಸಿದವು. 1981ರಲ್ಲಿ ಸೋಜಿ ಶಿಮಾದಾ 'ಟೋಕಿಯೊ ರಾಶಿಚಕ್ರ ಕೊಲೆಗಳು' ಮೂಲಕ ಹಳೆಯ ಮಾದರಿಗೆ ಮರಳಿದರೂ ಅವರು ಬಹುತೇಕ ಒಂಟಿಯಾಗಿದ್ದರು.

ಅಯಾತ್ಸುಜಿ ಆಗಿನ್ನೂ ಕ್ಯೋಟೊದಲ್ಲಿ ವ್ಯಾಸಂಗ ನಡೆಸುತ್ತಿದ್ದ ತರುಣ. ಅವರ ಕಾದಂಬರಿಯೊಂದರ ಮೊದಲ ರೂಪ ರಂಪೊ ಹೆಸರಿನ ಪ್ರಶಸ್ತಿಗೆ ಹೋಗಿ ಬಹುಮಾನವಿಲ್ಲದೆ ಮರಳಿತ್ತು. ಅದನ್ನೇ ತಿದ್ದಿ ಬರೆದ 'ದಶಕೋನ ಭವನದ ಕೊಲೆಗಳು' ಶಿಮಾದಾ ಅವರ ಶಿಫಾರಸಿನೊಂದಿಗೆ 1987ರ ಸೆಪ್ಟೆಂಬರಿನಲ್ಲಿ ಕೋದಾನ್ಶಾ ಸಂಸ್ಥೆಯಿಂದ ಪ್ರಕಟವಾಯಿತು.

ಕಾದಂಬರಿಯ ವಸ್ತುವೇ ಒಂದು ವಿದ್ಯಾರ್ಥಿ ಸಂಘ. ಪತ್ತೇದಾರಿ ಸಾಹಿತ್ಯದ ಹುಚ್ಚಿನ ಏಳು ಮಂದಿ ನಿರ್ಜನ ದ್ವೀಪವೊಂದಕ್ಕೆ ಹೋಗುತ್ತಾರೆ. ಪರಸ್ಪರ ಕರೆದುಕೊಳ್ಳುವುದೂ ಎಲರಿ, ಪೋ, ಅಗಾಥಾ, ಕಾರ್ ಮುಂತಾದ ಪಾಶ್ಚಾತ್ಯ ಲೇಖಕರ ಹೆಸರಿನಿಂದಲೇ. ಹತ್ತು ಮೂಲೆಯ ಮನೆಯಲ್ಲಿ ಅವರು ಒಬ್ಬೊಬ್ಬರಾಗಿ ಸಾಯತೊಡಗುತ್ತಾರೆ. ಪುಸ್ತಕದ ಕೊನೆಯ ಭಾಗದಲ್ಲಿ ಬರುವ ಒಂದೇ ಒಂದು ಸಾಲು ಅಲ್ಲಿಯವರೆಗೆ ಓದಿದ್ದನ್ನೆಲ್ಲ ತಲೆಕೆಳಗು ಮಾಡುತ್ತದೆ. ಹಿಂದಕ್ಕೆ ತಿರುಗಿಸಿ ನೋಡಿದರೆ ನಿರೂಪಣೆ ಎಲ್ಲಿಯೂ ಸುಳ್ಳು ಹೇಳಿಲ್ಲ. ಸಂಘದ ಕೂಟದಲ್ಲಿ ಪಳಗಿದ ಕೈ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಮರುವರ್ಷ ನೊರಿಜುಕಿ, 1989ರಲ್ಲಿ ಅಬಿಕೊ ಬಂದರು. ಅದೇ ವರ್ಷ ಅದೇ ನಗರದ ದೋಶಿಶಾ ವಿಶ್ವವಿದ್ಯಾಲಯದ ಪತ್ತೇದಾರಿ ಸಂಘದಲ್ಲಿದ್ದ ಅಲಿಸ್ ಅರಿಸುಗಾವಾ ಕೂಡ ಬಂದರು. ಹೆಸರು ಅಲಿಸ್ ಆದರೂ ಇವರು ಪುರುಷರು. ಇವರ ಮೊದಲ ಕಾದಂಬರಿಯ ಪಾತ್ರಗಳೂ ಸಂಘವೊಂದರ ವಿದ್ಯಾರ್ಥಿಗಳೇ. ಈ ಪ್ರವಾಹಕ್ಕೆ 'ಶಿನ್ ಹೊಂಕಾಕು', ಅಂದರೆ 'ನವ ಶುದ್ಧ ಪತ್ತೇದಾರಿ' ಎಂಬ ಹೆಸರು ಬಂದಿತು.

ವಿಮರ್ಶಕರು ಸುಮ್ಮನಿರಲಿಲ್ಲ. ಈ ಕಥೆಗಳಲ್ಲಿ ಮನುಷ್ಯರೇ ಇಲ್ಲ, ಇರುವುದು ಚದುರಂಗದ ಕಾಯಿಗಳು ಎಂಬ ಆಕ್ಷೇಪ ಹಲವು ವರ್ಷ ಕೇಳಿಬಂದಿತು. ಆಕ್ಷೇಪದಲ್ಲಿ ಹುರುಳಿತ್ತು. ಗೆಳೆಯರ ಕೂಟಕ್ಕೆಂದು ಬರೆಯುವವನಿಗೆ ಗೆಳೆಯರ ಲೋಕವೇ ಲೋಕವಾಗುವ ಅಪಾಯ ಇದ್ದೇ ಇದೆ. ಮೊದಲ ಕಾದಂಬರಿಗಳ ಎಳೆಯ ಪಾತ್ರಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. ಆದರೆ ಓದುಗರು ಕೈಬಿಡಲಿಲ್ಲ. 1999ರಲ್ಲಿ ಅಯಾತ್ಸುಜಿ ಮತ್ತು ಅರಿಸುಗಾವಾ ಜೊತೆಗೂಡಿ ಈ ಊಹೆಯಾಟವನ್ನು ಒಸಾಕಾದ ದೂರದರ್ಶನ ವಾಹಿನಿಗೇ ಕೊಂಡೊಯ್ದರು. ಮೊದಲು ಪ್ರಶ್ನೆಯ ಭಾಗ ಪ್ರಸಾರವಾಗಿ, ವೀಕ್ಷಕರು ಉತ್ತರ ಕಳುಹಿಸಿದ ನಂತರ ಪರಿಹಾರದ ಭಾಗ ಪ್ರಸಾರವಾಗುವ ಕಾರ್ಯಕ್ರಮ ಅದು. ಅಬಿಕೊ 1994ರಲ್ಲಿಯೇ 'ಕಾಮಾಯ್ತಾಚಿ ನೊ ಯೊರು' ಎಂಬ ವಿಡಿಯೊ ಗೇಮ್‌ಗೆ ಕಥೆ ಬರೆದಿದ್ದರು. ಹಿಮದಲ್ಲಿ ಸಿಕ್ಕಿಬಿದ್ದ ವಸತಿಗೃಹದಲ್ಲಿ ಕೊಲೆಗಾರನನ್ನು ಬೇಗ ಪತ್ತೆಹಚ್ಚದಿದ್ದರೆ ಆಟಗಾರನೇ ಸಾಯುತ್ತಾನೆ.

ದೆವ್ವಕ್ಕೂ ನಿಯಮ

ಒಗಟಿನ ಕಥೆಯಲ್ಲಿ ಎಲ್ಲಕ್ಕೂ ವಿವರಣೆ ಬೇಕು. ಭಯಾನಕ ಕಥೆಯಲ್ಲಿ ಎಲ್ಲವೂ ವಿವರಿಸಲ್ಪಟ್ಟರೆ ಭಯವೇ ಉಳಿಯದು. ಹಾಗಿರುವಾಗ ಒಂದೇ ಸಂಘದಿಂದ ಬಂದವರು ಎರಡರಲ್ಲೂ ಹೆಸರು ಮಾಡಿದ್ದು ಹೇಗೆ? ಇದಕ್ಕೆ ಉತ್ತರ ಫುಯುಮಿ ಓನೊ ಅವರ ಬರಹದಲ್ಲಿದೆ.

ಓನೊ ಕ್ಯೋಟೊ ವಿಶ್ವವಿದ್ಯಾಲಯದವರಲ್ಲ. ಅದೇ ನಗರದ ಓತಾನಿ ವಿಶ್ವವಿದ್ಯಾಲಯದಲ್ಲಿ ಬೌದ್ಧ ಧರ್ಮದ ವ್ಯಾಸಂಗ ಮಾಡುತ್ತಿದ್ದವರು ಈ ಸಂಘಕ್ಕೆ ಬಂದು ಸೇರಿದರು. ಮುಂದೆ ಅಯಾತ್ಸುಜಿ ಅವರನ್ನು ವಿವಾಹವಾದರು. ದಶಕೋನ ಭವನದ ದ್ವೀಪ ಇರುವುದು ಓನೊ ಅವರ ತವರಾದ ಓಯ್ತಾ ಪ್ರಾಂತ್ಯದ ಕಡಲಿನಲ್ಲಿ. 1989ರಲ್ಲಿ ಅವರು ಆರಂಭಿಸಿದ ಪ್ರೇತ ಶೋಧನೆಯ ಸರಣಿಯಲ್ಲಿ ತನಿಖೆಗೆ ಬರುವವರು ಮೊದಲು ಉಪಕರಣಗಳನ್ನು ಜೋಡಿಸುತ್ತಾರೆ, ಅಳತೆ ತೆಗೆಯುತ್ತಾರೆ. ಸಹಜ ಕಾರಣ ಒಂದೂ ಉಳಿಯದಿದ್ದಾಗ ಮಾತ್ರ ದೆವ್ವದ ಮಾತು. 1998ರ 'ಶಿಕಿ' ಇನ್ನೂ ದೊಡ್ಡ ಪ್ರಯತ್ನ. ಸಮಾಧಿಯ ಮರದ ಫಲಕಗಳನ್ನು ಮಾಡುವ ಒಂದು ಹಳ್ಳಿಯಲ್ಲಿ ಜನ ಸಾಲಾಗಿ ಸಾಯುತ್ತಾರೆ. ಊರಿನ ವೈದ್ಯ ಅದನ್ನು ಸಾಂಕ್ರಾಮಿಕ ರೋಗವೆಂದು ತಿಳಿದು ಸಾವುಗಳ ದಾಖಲೆ ಕಲೆಹಾಕುತ್ತಾನೆ. ಅವನ ಗೆಳೆಯ ದೇವಾಲಯದ ಅರ್ಚಕ ಜೊತೆಗಿರುತ್ತಾನೆ. ಪುಟಗಟ್ಟಲೆ ಸಾಗುವ ಈ ವಿಚಾರಣೆಯಿಂದಾಗಿಯೇ, ಸತ್ತವರು ಎದ್ದು ಬರುತ್ತಿದ್ದಾರೆಂಬ ತೀರ್ಮಾನಕ್ಕೆ ವೈದ್ಯ ಬಂದಾಗ ಓದುಗನಿಗೆ ತಪ್ಪಿಸಿಕೊಳ್ಳುವ ದಾರಿ ಇರುವುದಿಲ್ಲ. ಸ್ಟೀಫನ್ ಕಿಂಗ್ ಅವರ ರಕ್ತಪಿಶಾಚಿ ಕಾದಂಬರಿ 'ಸೇಲಮ್ಸ್ ಲಾಟ್'ಗೆ ಈ ಕೃತಿ ಅರ್ಪಿತವಾಗಿದೆ. ಓನೊ ಅವರ ಮತ್ತೊಂದು ಭಯಾನಕ ಕಾದಂಬರಿ 'ಜಾನ್-ಎ' 2013ರಲ್ಲಿ ಯಾಮಾಮೊಟೊ ಶೂಗೊರೊ ಪ್ರಶಸ್ತಿ ಪಡೆಯಿತು.

ಅಯಾತ್ಸುಜಿ ಅವರ 2009ರ 'ಅನದರ್' ಇದೇ ತಂತ್ರವನ್ನು ಇನ್ನೊಂದು ತುದಿಯಿಂದ ಹಿಡಿಯುತ್ತದೆ. ಶಾಲೆಯ ಒಂದು ತರಗತಿಯಲ್ಲಿ ಇರಬೇಕಾದ್ದಕ್ಕಿಂತ ಒಬ್ಬರು ಹೆಚ್ಚಾಗಿದ್ದಾರೆ. ಆ ಒಬ್ಬರು ಹಿಂದೆಯೇ ಸತ್ತವರು. ಎಲ್ಲರ ನೆನಪೂ ದಾಖಲೆಗಳೂ ಬದಲಾಗಿರುವುದರಿಂದ ಅದು ಯಾರೆಂದು ಯಾರಿಗೂ ಗೊತ್ತಿಲ್ಲ, ಆ ವ್ಯಕ್ತಿಗೂ ಗೊತ್ತಿಲ್ಲ. ಶಾಪ ಏಕೆ ಎಂಬುದಕ್ಕೆ ಕಾದಂಬರಿ ಕೊನೆಯವರೆಗೂ ವಿವರಣೆ ಕೊಡುವುದಿಲ್ಲ. ಆದರೆ ಶಾಪಕ್ಕೆ ನಿಯಮಗಳಿವೆ, ಸುಳಿವುಗಳಿವೆ, ಆ ಸತ್ತವರು ಯಾರೆಂಬ ಪ್ರಶ್ನೆಗೆ ನ್ಯಾಯವಾದ ಉತ್ತರವಿದೆ. ಕೊಲೆಗಾರನ ಜಾಗದಲ್ಲಿ ಸತ್ತವರನ್ನು ಇಟ್ಟ ಹನ್ನಿನ್-ಆತೆ ಎನ್ನಬಹುದು.

ಮಸಾಹಿರೊ ಇಮಾಮುರಾ ಕ್ಯೋಟೊ ಸಂಘದವರಲ್ಲ. ಆದರೆ 2017ರಲ್ಲಿ ಅವರ ಮೊದಲ ಕಾದಂಬರಿ 'ಶಿಜಿನ್ಸೊ ನೊ ಸತ್ಸುಜಿನ್' ಇದೇ ಸೂತ್ರವನ್ನು ಮುಂದುವರಿಸಿ ತೆತ್ಸುಯಾ ಆಯುಕಾವಾ ಪ್ರಶಸ್ತಿ ಗೆದ್ದಿತು. ಸಾಮಾನ್ಯವಾಗಿ ಇಂಥ ಕಥೆಗಳಲ್ಲಿ ಬಂಗಲೆಯನ್ನು ಹೊರಜಗತ್ತಿನಿಂದ ಕತ್ತರಿಸುವುದು ಬಿರುಗಾಳಿ ಅಥವಾ ಮುರಿದ ಸೇತುವೆ. ಇಲ್ಲಿ ಬಂಗಲೆಯ ಸುತ್ತ ಮುತ್ತಿಕೊಂಡಿರುವುದು ಬದುಕಿರುವವರನ್ನು ಕಚ್ಚುವ ಸತ್ತವರ ಹಿಂಡು. ಒಳಗೆ ಕೊಲೆ ನಡೆದಿದೆ. ಹೊರಗಿನ ಹಿಂಡು ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ಅದನ್ನು ಬಿಡಿಸುವ ಸುಳಿವು.

ಹೊರದೇಶದ ಓದುಗರಿಗೆ ಈ ಪರಂಪರೆ ತಲುಪಿದ್ದು ತಡವಾಗಿ. 'ದಶಕೋನ ಭವನ' ಇಂಗ್ಲಿಷಿಗೆ ಬಂದದ್ದು 2015ರಲ್ಲಿ, ಮೂಲ ಪ್ರಕಟವಾದ 28 ವರ್ಷಗಳ ನಂತರ. ಅನುವಾದಕ ಹೋ-ಲಿಂಗ್ ವಾಂಗ್ ಕ್ಯೋಟೊದಲ್ಲಿ ಓದುತ್ತಿದ್ದಾಗ ಅದೇ ಸಂಘದ ಸದಸ್ಯರಾಗಿದ್ದವರು. ಬಹುಕಾಲ ತೆರೆಗೆ ತರಲಾಗದೆಂದು ಭಾವಿಸಲಾಗಿದ್ದ ಈ ಕಾದಂಬರಿ 2024ರಲ್ಲಿ ಜಪಾನಿನಲ್ಲಿ ಧಾರಾವಾಹಿಯಾಯಿತು.