ಕಲಿಕೆಯ ಸರದಿಯಲ್ಲಿ ಹಿರಿಯರೇಕೆ ಕೊನೆಯವರು?

ತೊಂಬತ್ತರ ದಶಕದ ಆರಂಭದ ಮಾತು. ರಾಜ್ಯದಲ್ಲಿ ಸಂಪೂರ್ಣ ಸಾಕ್ಷರತಾ ಆಂದೋಲನ ಭರದಿಂದ ಸಾಗಿದ್ದ ಕಾಲ. ತಾಲ್ಲೂಕು ಮಟ್ಟದ ಅಧಿಕಾರಿಯಾಗಿದ್ದ ನಾನು ಒಂದು ಸಂಜೆ ಹಳ್ಳಿಯೊಂದರ ಕಲಿಕಾ ಕೇಂದ್ರದ ತಪಾಸಣೆಗೆ ಹೋಗಿದ್ದೆ. ಲಾಟೀನಿನ ಬೆಳಕಿನಲ್ಲಿ ಕುಳಿತಿದ್ದ ಹದಿನೈದಿಪ್ಪತ್ತು ಹೆಣ್ಣುಮಕ್ಕಳ ನಡುವೆ ಅರವತ್ತು ದಾಟಿದ ವೃದ್ಧೆಯೊಬ್ಬರಿದ್ದರು. ಹಾಜರಿ ಪುಸ್ತಕದಲ್ಲಿ ಅವರ ಹೆಸರಿರಲಿಲ್ಲ, ಕೈಯಲ್ಲಿ ಮಾತ್ರ ಸ್ಲೇಟಿತ್ತು. ಯೋಜನೆ ಮೂವತ್ತೈದು ವರ್ಷದೊಳಗಿನವರಿಗೆ ಮಾತ್ರವೆಂದು ಸ್ವಯಂಸೇವಕನಿಗೆ ನೆನಪಿಸಿದೆ. ಆ ಸ್ಲೇಟನ್ನು ಪಟ್ಟಿಯಲ್ಲಿರುವವರಿಗೆ ಕೊಡುವಂತೆ ಸೂಚಿಸಿದೆ. ವೃದ್ಧೆ ಜಗಳವಾಡಲಿಲ್ಲ. ‘ಸಾಯೋದ್ರೊಳಗೆ ಬಸ್ಸಿನ ಬೋರ್ಡು ಓದ್ಬೇಕು ಅಂತಿದ್ದೆ ಸ್ವಾಮಿ. ಪಟ್ಟೀಲಿಲ್ಲ ಅಂದ್ಮೇಲೆ ಬಿಡಿ’ ಎಂದು ಎದ್ದುಹೋದರು.

ನಾನು ನಿಯಮವನ್ನು ಪಾಲಿಸಿದ್ದೆ. 1988ರಲ್ಲಿ ಆರಂಭವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್‌ನ ಗುರಿ 15ರಿಂದ 35 ವರ್ಷದವರು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಈ ನಿಯಮ ಸರಿಯೆಂದೇ ತೋರಿತ್ತು. ಶಿಕ್ಷಣವೆಂದರೆ ಮನುಷ್ಯನಲ್ಲಿ ಮಾಡುವ ಹೂಡಿಕೆ. ಅದರ ಪ್ರತಿಫಲ ಮುಂದಿನ ದುಡಿಮೆಯ ವರ್ಷಗಳಲ್ಲಿ ದೊರೆಯುತ್ತದೆ. ಆ ವರ್ಷಗಳು ಕಡಿಮೆಯಾದಷ್ಟೂ ಹೂಡಿಕೆಯ ಲಾಭ ಕಡಿಮೆ. ಗ್ಯಾರಿ ಬೆಕರ್ 1964ರಲ್ಲಿ ಪ್ರಕಟಿಸಿದ ‘ಹ್ಯೂಮನ್ ಕ್ಯಾಪಿಟಲ್’ ಗ್ರಂಥ ಬಲಪಡಿಸಿದ ವಾದವಿದು. ಈ ಲೆಕ್ಕದಲ್ಲಿ ಅರವತ್ತರ ವ್ಯಕ್ತಿಗೆ ಅಕ್ಷರ ಕಲಿಸುವುದು ನಷ್ಟದ ಬಾಬತ್ತು.

ಈಗ ನಾನೇ ಅರವತ್ತು ದಾಟಿದ್ದೇನೆ. ಆ ಲೆಕ್ಕದಲ್ಲಿ ಎರಡು ತಪ್ಪುಗಳಿವೆ ಎಂದು ಈಗ ಕಾಣುತ್ತಿದೆ.

ಮೊದಲನೆಯದು, ಕಲಿಕೆಯ ಲಾಭವನ್ನು ಕೂಲಿ ಮತ್ತು ಸಂಬಳದಲ್ಲಿ ಮಾತ್ರ ಅಳೆದದ್ದು. ಮಾತ್ರೆಯ ಪೊಟ್ಟಣದ ಮೇಲಿನ ಹೆಸರನ್ನು ತಾನೇ ಓದಿಕೊಳ್ಳುವುದು, ಪಾಸ್‌ಬುಕ್ಕಿನಲ್ಲಿ ಪಿಂಚಣಿ ಜಮೆಯಾಗಿದೆಯೇ ಎಂದು ಯಾರನ್ನೂ ಕೇಳದೆ ತಿಳಿಯುವುದು, ಹೆಬ್ಬೆಟ್ಟಿನ ಬದಲು ಸಹಿ ಹಾಕುವುದು. ಇವು ಯಾವ ರಾಷ್ಟ್ರೀಯ ವರಮಾನದ ಲೆಕ್ಕಕ್ಕೂ ಸಿಗುವುದಿಲ್ಲ. ಆದರೆ ಬದುಕಿನ ಕೊನೆಯ ಹದಿನೈದಿಪ್ಪತ್ತು ವರ್ಷಗಳನ್ನು ಒಬ್ಬರು ಪರಾಧೀನರಾಗಿ ಕಳೆಯುತ್ತಾರೋ ಸ್ವಾಧೀನರಾಗಿ ಕಳೆಯುತ್ತಾರೋ ಎಂಬುದನ್ನು ನಿರ್ಧರಿಸುವುದು ಇವೇ.

ಎರಡನೆಯದು, ವೆಚ್ಚವನ್ನು ತಪ್ಪಾಗಿ ಎಣಿಸಿದ್ದು. ಸಂಪನ್ಮೂಲ ಸೀಮಿತವಾಗಿರುವಾಗ ಯುವಜನರಿಗೆ ಆದ್ಯತೆ ಕೊಡಬೇಕೆಂಬ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ನಡೆಯುತ್ತಿರುವ ತರಗತಿಗೆ ಇನ್ನೊಬ್ಬರು ಬಂದು ಕುಳಿತರೆ ತಗಲುವ ಹೆಚ್ಚುವರಿ ವೆಚ್ಚವೆಷ್ಟು? ಒಂದು ಸ್ಲೇಟು, ಒಂದು ಬಳಪ. ಅರ್ಥಶಾಸ್ತ್ರಜ್ಞರು ಸೀಮಾಂತ ವೆಚ್ಚ ಎನ್ನುವುದು ಇದನ್ನೇ. ಅಂದು ನಾನು ಎಬ್ಬಿಸಿ ಕಳುಹಿಸಿದ ಹೆಣ್ಣುಮಗಳು ಯಾವ ತರುಣಿಯ ಜಾಗವನ್ನೂ ಕಸಿದುಕೊಂಡಿರಲಿಲ್ಲ.

ಇದು ಹಳೆಯ ಕಥೆಯೆಂದು ಓದುಗರು ಭಾವಿಸಬಹುದು. 2009ರ ‘ಸಾಕ್ಷರ ಭಾರತ’ ಯೋಜನೆ ವಯಸ್ಸಿನ ಮೇಲ್ಮಿತಿಯನ್ನು ಸಡಿಲಿಸಿತು. 2022ರಿಂದ 2027ರವರೆಗಿನ ಅವಧಿಗೆ ರೂಪಿಸಿದ ‘ನವ ಭಾರತ ಸಾಕ್ಷರತಾ ಕಾರ್ಯಕ್ರಮ’ವೂ 15 ವರ್ಷ ಮೇಲ್ಪಟ್ಟ ಎಲ್ಲರನ್ನೂ ಒಳಗೊಳ್ಳುತ್ತದೆ, ಮುಂದುವರಿಕೆ ಶಿಕ್ಷಣವನ್ನು ತನ್ನ ಐದು ಅಂಗಗಳಲ್ಲಿ ಒಂದೆಂದು ಹೆಸರಿಸುತ್ತದೆ. ಆದರೆ ಅದರಲ್ಲಿಯೂ ಒಂದು ಸರದಿಯಿದೆ: ಮೊದಲು 15ರಿಂದ 35ರವರನ್ನು ಪೂರ್ಣವಾಗಿ ಮುಟ್ಟಬೇಕು, ಅನಂತರ ಉಳಿದವರು. ಐದು ಕೋಟಿ ಕಲಿಕಾರ್ಥಿಗಳ ಗುರಿಗೆ ಐದು ವರ್ಷಕ್ಕೆ ನಿಗದಿಯಾದ ಮೊತ್ತ 1,037.90 ಕೋಟಿ ರೂಪಾಯಿ. ತಲೆಗೆ ಸುಮಾರು 208 ರೂಪಾಯಿ. ಇಷ್ಟು ಕಿರಿದಾದ ಗಂಟು ಸರದಿಯ ಕೊನೆಯವರೆಗೆ ತಲುಪೀತೆ? ಕಾಯಲು ಸಮಯವಿಲ್ಲದವರನ್ನೇ ಕಾಯಿಸುವ ಸರದಿಯಿದು.

2011ರ ಜನಗಣತಿಯ ಹೊತ್ತಿಗೇ ದೇಶದಲ್ಲಿ ಅರವತ್ತು ದಾಟಿದವರ ಸಂಖ್ಯೆ ಹತ್ತು ಕೋಟಿಯನ್ನು ಮೀರಿತ್ತು. ಇವರಲ್ಲಿ ಅಕ್ಷರಸ್ಥರಾದವರಿಗೂ ಕಲಿಕೆ ಮುಗಿದಿಲ್ಲ. ಜೀವಂತವಾಗಿರುವ ಪುರಾವೆಯನ್ನು ಖಜಾನೆಗೋ ಬ್ಯಾಂಕಿಗೋ ಹೋಗಿ ಕೊಡುತ್ತಿದ್ದ ಪಿಂಚಣಿದಾರರಿಗೆ 2014ರಲ್ಲಿ ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ಸೌಲಭ್ಯ ಬಂತು. ಅನುಕೂಲವೇ ಸರಿ. ಆದರೆ ಬಳಸಲು ಬಾರದವರು ಮೊಬೈಲನ್ನು ಮೊಮ್ಮಗನ ಕೈಗೋ ಅಪರಿಚಿತರ ಕೈಗೋ ಕೊಡಬೇಕಾಗುತ್ತದೆ. ಜೀವಮಾನದ ಉಳಿತಾಯವನ್ನು ‘ಡಿಜಿಟಲ್ ಅರೆಸ್ಟ್’ ವಂಚಕರಿಗೆ ಒಪ್ಪಿಸಿ ಕುಳಿತವರಲ್ಲಿ ವಿದ್ಯಾವಂತ ವೃದ್ಧರೂ ಇದ್ದಾರೆ. ನಲವತ್ತು ವರ್ಷ ಹಿಂದೆ ಪಡೆದ ಪದವಿ ಇಲ್ಲಿ ರಕ್ಷಣೆಗೆ ಬರುವುದಿಲ್ಲ.

ಹಾಗೆಂದು ಹಿರಿಯರ ಕಲಿಕೆಯನ್ನು ಕೇವಲ ಉಪಯೋಗಕ್ಕೆ ಸೀಮಿತಗೊಳಿಸುವುದೂ ಸರಿಯಲ್ಲ. ಫ್ರಾನ್ಸಿನ ಟುಲೂಸ್ ನಗರದಲ್ಲಿ 1973ರಲ್ಲಿ ಪಿಯರ್ ವೆಲಾಸ್ ಎಂಬ ಪ್ರಾಧ್ಯಾಪಕರು ನಿವೃತ್ತರಿಗಾಗಿ ‘ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ’ವನ್ನು ಆರಂಭಿಸಿದರು. ಎಂಬತ್ತರ ದಶಕದ ಆರಂಭದಲ್ಲಿ ಕಲ್ಪನೆ ಬ್ರಿಟನ್ನಿಗೆ ಬಂದಾಗ ಅದರ ಸ್ವರೂಪವೇ ಬದಲಾಯಿತು. ಅಲ್ಲಿ ಸಂಬಳದ ಅಧ್ಯಾಪಕರಿಲ್ಲ, ಪರೀಕ್ಷೆಯಿಲ್ಲ, ಪ್ರಮಾಣಪತ್ರವಿಲ್ಲ. ಬಲ್ಲ ಸದಸ್ಯರು ಬಾರದವರಿಗೆ ಕಲಿಸುತ್ತಾರೆ. ಇನ್ನೊಂದು ತರಗತಿಯಲ್ಲಿ ತಾವೇ ವಿದ್ಯಾರ್ಥಿಗಳಾಗುತ್ತಾರೆ. ಇಂದು ಅಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಸ್ಥಳೀಯ ಬಳಗಗಳಿವೆ.

ನಮಗೆ ಈ ಪರಂಪರೆ ಹೊಸತೇನಲ್ಲ. ಡಿ.ವಿ. ಗುಂಡಪ್ಪನವರು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ್ದು 1945ರಲ್ಲಿ. ಅದೇ ವರ್ಷ ಬಸವನಗುಡಿಯಲ್ಲಿ ಬಿ.ಪಿ. ವಾಡಿಯಾ ಅವರ ವಿಶ್ವ ಸಂಸ್ಕೃತಿ ಸಂಸ್ಥೆ ಹುಟ್ಟಿತು. ಇಂಥ ಕಡೆ ಪರೀಕ್ಷೆಯ ಹಂಗಿಲ್ಲದೆ ಕೇಳಿ ಕಲಿತವರು ಎಷ್ಟೋ ಮಂದಿ. ಆದರೆ ಈ ಭಾಗ್ಯ ಬಹುಮಟ್ಟಿಗೆ ನಗರದ, ಓದುಬಲ್ಲ, ನನ್ನಂಥವರದು. ನೆರೆಯ ಕೇರಳದಲ್ಲಿ ಅದು ಹೊಲಗದ್ದೆಯ ಬದಿಗೂ ತಲುಪಬಲ್ಲದೆಂದು ಕಾರ್ತ್ಯಾಯನಿ ಅಮ್ಮ ತೋರಿಸಿದರು. 2018ರಲ್ಲಿ ತಮ್ಮ 96ನೆಯ ವಯಸ್ಸಿನಲ್ಲಿ ಆ ರಾಜ್ಯದ ಸಾಕ್ಷರತಾ ಪರೀಕ್ಷೆಗೆ ಕುಳಿತ ಅವರು ನೂರಕ್ಕೆ 98 ಅಂಕ ಪಡೆದರು. 2023ರಲ್ಲಿ ತೀರಿಕೊಂಡ ಅವರನ್ನು ಪವಾಡವೆಂದು ಕೊಂಡಾಡಿ ಸುಮ್ಮನಾಗುವುದು ಸುಲಭ. ಅವರನ್ನು ಹುಡುಕಿಕೊಂಡು ಮನೆಬಾಗಿಲಿಗೆ ಹೋದ ವ್ಯವಸ್ಥೆಯೊಂದಿತ್ತು ಎಂಬುದೇ ನಾವು ಗಮನಿಸಬೇಕಾದದ್ದು.

ಕರ್ನಾಟಕದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ‘ಅರಿವು ಕೇಂದ್ರ’ ಎಂಬ ಸೊಗಸಾದ ಹೆಸರೂ ಅವಕ್ಕಿದೆ. ವಾರಕ್ಕೆ ಎರಡು ಮಧ್ಯಾಹ್ನ, ಎರಡೆರಡು ಗಂಟೆ, ಅವನ್ನು ಹಿರಿಯರ ಕಲಿಕೆಗೆ ಮೀಸಲಿಡಬಹುದು. ಕಲಿಸಲು ನಿವೃತ್ತ ಶಿಕ್ಷಕರು, ಗ್ರಾಮಲೆಕ್ಕಿಗರು, ದಾದಿಯರು ಪ್ರತಿ ಹೋಬಳಿಯಲ್ಲಿದ್ದಾರೆ. ಅವರಿಗೂ ಹೊತ್ತು ಹೋಗಬೇಕಿದೆ. ಬೇಕಾಗಿರುವುದು ದೊಡ್ಡ ಅನುದಾನವಲ್ಲ; ಒಂದು ಸುತ್ತೋಲೆ, ಒಂದು ಬೀಗದಕೈ, ಓದಲು ಸಾಕಷ್ಟು ಬೆಳಕು.

ನಮ್ಮ ಬಡಾವಣೆಯಲ್ಲಿ ನಾವು ಹತ್ತಾರು ಮಂದಿ ಪ್ರತಿ ಗುರುವಾರ ಸೇರುತ್ತೇವೆ. ಎಪ್ಪತ್ತೆಂಟು ವರ್ಷದ ಮೇಷ್ಟ್ರೊಬ್ಬರು ಗಮಕ ಕಲಿಸುತ್ತಾರೆ. ಪಾಠ ಮುಗಿದ ಮೇಲೆ, ಲೈನ್‌ಮನ್ ಆಗಿ ನಿವೃತ್ತರಾದವರೊಬ್ಬರು ಅದೇ ಮೇಷ್ಟ್ರಿಗೆ ಮೊಬೈಲಿನಲ್ಲಿ ವಿದ್ಯುತ್ ಬಿಲ್ಲು ಕಟ್ಟುವುದನ್ನು ಹೇಳಿಕೊಡುತ್ತಾರೆ. ನನಗೆ ಇನ್ನೂ ರಾಗ ಹಿಡಿಯಲು ಬಂದಿಲ್ಲ. ಆದರೆ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ ಎಂದು ನನ್ನನ್ನು ಯಾರೂ ಎಬ್ಬಿಸಿ ಕಳುಹಿಸುತ್ತಿಲ್ಲ.

ಆ ವೃದ್ಧೆ ಬಸ್ಸಿನ ಬೋರ್ಡು ಓದಿದರೋ ಇಲ್ಲವೋ ನನಗೆ ತಿಳಿಯದು. ಅವರ ಊರಿನ ಶಾಲೆಗೆ ಕಲ್ಲುಮಣ್ಣು ಹೊತ್ತವರು ಅವರ ತಲೆಮಾರಿನವರೇ ಇದ್ದಾರು. ಆ ಶಾಲೆಯಲ್ಲಿ ಕಲಿತವರು ಮುಂದಿನ ಸಾಕ್ಷರತಾ ಯೋಜನೆಯನ್ನು ಬರೆಯಲು ಕುಳಿತಾಗ, ವಯಸ್ಸಿನ ಸರದಿಯನ್ನು ಹೇಳುವ ಆ ಒಂದು ಸಾಲನ್ನು ಹೊಡೆದುಹಾಕಲಿ.